ಗೇಟಿನ ಬಾಯಿಗೆ ಒಂದು ಚೀಲ ಎಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಚ್ಚಿಹೋದ ಶಾಲೆಯ ಅಂಗಳದಲ್ಲಿ ಒಬ್ಬ ಹೆಂಗಸು ಬಾದಾಮಿ ಮರದ ಉದುರೆಲೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾರೆ. ಒದ್ದೆಯಾದದ್ದನ್ನು ಆರಿಸಿ ಆಚೆಗೆಸೆಯುತ್ತಾರೆ. "ಹಸಿ ಎಲೆ ಗುಡಿಸಿದ ಕಡೆಯೇ ಅಂಟ್ಕೊಂಡು ಬಿದ್ದಿರುತ್ತೆ. ಒಣಗಿದ್ದು ಗಾಳಿಗೆ ಮತ್ತೆ ಮತ್ತೆ ವಾಪಸ್ ಬರುತ್ತೆ. ನನಗೆ ಬೇಕಾಗಿರೋದು ಅದೇ."

ಮಕ್ಕಳು ಇವರನ್ನು ಗೇಟಮ್ಮ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಇದೇ ಅಂಗಳ ಗುಡಿಸಿದವರು. ಜನರ ಬಾಯಲ್ಲಿ ಇದು 'ಹತ್ತು ಗಂಟೆ ಶಾಲೆ'. ಬೆಳಗ್ಗೆ ಪೇಪರ್ ಹಾಕುವ, ತಮ್ಮತಂಗಿಯರನ್ನು ಮೀಯಿಸುವ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮಕ್ಕಳಿಗಾಗಿಯೇ ಸರ್ಕಾರ ತೆರೆದಿದ್ದ ಶಾಲೆ. ಪಾಠ ಶುರುವಾಗುತ್ತಿದ್ದುದೇ ಹತ್ತಕ್ಕೆ. ಹೋದ ವರ್ಷ ತಪಾಸಣೆಯವರು ಎಂಟೂವರೆಗೆ ಬಂದರು. ಖಾಲಿ ಬೆಂಚು ಎಣಿಸಿದರು. 'ಮಕ್ಕಳಿಲ್ಲ' ಎಂದು ಬರೆದು ಬೀಗ ಹಾಕಿಸಿದರು.

"ಹತ್ತರವರೆಗೆ ಕೂತ್ಕೊಳ್ಳಿ ಸ್ವಾಮಿ, ಟೀ ತರ್ತೀನಿ ಅಂದೆ. ನಮಗೆ ಬೇರೆ ಕೆಲಸ ಇದೆಯಮ್ಮ ಅಂದ್ರು. ಮಕ್ಕಳಿಗೂ ಬೇರೆ ಕೆಲಸ ಇತ್ತು, ಅದಕ್ಕೇ ಅಲ್ವಾ ಈ ಸ್ಕೂಲು!"

ನಲವತ್ತೊಂದು ಮಕ್ಕಳನ್ನು ಸುತ್ತಲಿನ ಮೂರು ಶಾಲೆಗಳಿಗೆ ಹಂಚಿದರು. ಈಗ ಉಳಿದಿರುವವರು ಹದಿನಾಲ್ಕು. ಮಿಕ್ಕವರೆಲ್ಲಿ ಎಂದರೆ ಮೂರೂ ಕಡೆ ಒಂದೇ ಉತ್ತರ: ನಿಯಮ. ಎಂಟೂವರೆಗೆ ಗೇಟು ಬಂದ್. ಮೂರು ಸಲ ಹೊರಗುಳಿದರೆ ಹೆಸರು ಹೊಡೆದುಹಾಕುತ್ತಾರೆ. ಮೇಲೆ ಕೂತು ನಮ್ಮನ್ನೆಲ್ಲ ಎಣಿಸುವವನೂ ಹೀಗೆ ಗಡಿಯಾರ ಹಿಡಿದು ಕೂತಿದ್ದರೆ ನಮ್ಮಲ್ಲಿ ಎಷ್ಟು ಜನ ಒಳಗಿರುತ್ತಿದ್ದೆವು?

ಗೇಟಮ್ಮನನ್ನೂ ಆ ಮೂರರಲ್ಲೊಂದಕ್ಕೆ ವರ್ಗ ಮಾಡಿದರು. ಕೊಟ್ಟ ಕೆಲಸ, ಗುಡಿಸುವುದು ಮತ್ತು ಎಂಟೂವರೆಗೆ ಗೇಟು ಮುಚ್ಚುವುದು. ಮೊದಲ ವಾರದಲ್ಲೇ ಕೈಯಾರೆ ಎರಡು ಸಲ ಹೊರಗಿಟ್ಟದ್ದು, ಹಳೆಯ ಅಂಗಳದಲ್ಲಿ ತಾವೇ ಜಡೆ ಹಾಕುತ್ತಿದ್ದ ಹುಡುಗಿಯನ್ನು. ಮಲಗಿದಲ್ಲೇ ಇರುವ ತಾಯಿಯ ಮೈ ಒರೆಸಿ, ಬಟ್ಟೆ ಬದಲಿಸಿ, ದೊಡ್ಡಮ್ಮ ಪಾಳಿ ಮುಗಿಸಿ ಬರುವವರೆಗೆ ಆ ಹುಡುಗಿ ಹೊರಡುವಂತಿಲ್ಲ. ಇನ್ನೊಂದೇ ಸಲ ಬಾಕಿ.

ಅಂದಿನಿಂದ ಈ ಎಲೆ. ಏಳು ತಿಂಗಳಾಯಿತು, ಆ ಮೂರನೆಯ ಸಲ ಇನ್ನೂ ಬಂದಿಲ್ಲ.

ಎಂಟು ಇಪ್ಪತ್ತೈದು. ಚೀಲ ಹೊಸ ಶಾಲೆಯ ಗೇಟಿನ ಬಾಯಲ್ಲಿ ಬರಿದಾಗುತ್ತದೆ. ಗೇಟಿನ ಗಾಲಿ ಉರುಳುವ ಹಳಿಯ ತುಂಬ ಎಲೆ. ಗೇಟಮ್ಮ ಪೊರಕೆ ಹಿಡಿದು ಬಗ್ಗುತ್ತಾರೆ. ಮೂರು ಸಲ ಮುಂದಕ್ಕೆ, ಎರಡು ಸಲ ಹಿಂದಕ್ಕೆ. ಹೆಡ್‌ಮೇಡಂ ಮೆಟ್ಟಿಲ ಮೇಲಿಂದ ಕೂಗುತ್ತಾರೆ.

"ಗೇಟು ಹಾಕಮ್ಮ!"

"ಹಳಿ ತುಂಬ ಕಸ ಮೇಡಂ, ಸಿಕ್ಕಿಹಾಕ್ಕೊಳ್ಳುತ್ತೆ."

"ನಮ್ಮಲ್ಲಿ ಒಂದು ಮರಾನೂ ಇಲ್ಲ, ದಿನಾ ಎಲ್ಲಿಂದ ಬರುತ್ತೆ ಎಲೆ?"

"ಪಾಪ, ಅವುಗಳ ಸ್ಕೂಲೂ ಮುಚ್ಚಿಹೋಯ್ತಲ್ಲ ಮೇಡಂ. ಇಲ್ಲಿಗೇ ವರ್ಗ ಮಾಡಿರ್ಬೇಕು."

ಎಂಟು ನಲವತ್ತೇಳು. ತಿರುವಿನಲ್ಲಿ ಓಡುವ ಹೆಜ್ಜೆಯ ಸದ್ದು. ಹುಡುಗಿಯ ತೋಳು ಇನ್ನೂ ಒದ್ದೆ, ಹೆಣೆದಿರುವುದು ಒಂದೇ ಜಡೆ. "ನಿಧಾನ ಕಣೇ, ಜಾರ್ತೀಯ!" ಎನ್ನುವಷ್ಟರಲ್ಲಿ ಒಳಗೆ. ಪೊರಕೆಯ ಎರಡೇ ಎಳೆತಕ್ಕೆ ಹಳಿ ಚೊಕ್ಕಟವಾಗುತ್ತದೆ, ಗೇಟು ಮುಚ್ಚುತ್ತದೆ.

ಇದನ್ನು ಬರೆದರೆ ನಿಮಗೆ ತೊಂದರೆಯಾಗದೇ ಎಂದರೆ ಗೇಟಮ್ಮನ ಮುಖ ಬಿಗಿಯುತ್ತದೆ.

"ಬರೀರಿ. ಖಾಲಿ ಬೆಂಚು ಎಣಿಸಿದೋರಿಗೆ ಆಗದ ತೊಂದರೆ ನನಗ್ಯಾಕೆ ಆಗ್ಬೇಕು?" ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ. "ಗೇಟು ಮುಚ್ಚೋಕೆ ಬೇಕಾದ್ರೆ ಬೇರೆಯವರನ್ನ ಇಟ್ಕೊಳ್ಳಲಿ. ಗುಡಿಸೋ ಕೆಲಸ ಮಾತ್ರ ನನಗೇ ಇರ್ಲಿ."