ಬರಗೇರಮ್ಮನ ದೊರೆ ನುಂಗಿದ್ದು

ತುರುವನೂರಿನಲ್ಲಿ ಕೌದಿ ಹೊಲಿಯುವ ಬರಗೇರಮ್ಮನ ಮನೆಗೆ ಹಾಲು ತಂದವನು ಕೊಟ್ಟು ಸುಮ್ಮನೆ ಹೋಗುವ ಹಾಗಿಲ್ಲ. ಅವಳು ಹಾಲಿಗೆ ಬೆರಳು ಅದ್ದಿ ನೋಡಿ, ಮೂಸಿ, "ನೀರು ಹಾಕಿಲ್ಲ ಅಂತ ಆಣೆ ಮಾಡು" ಅನ್ನುತ್ತಾಳೆ. ಅವನು ಆಣೆ ಮಾಡಿದರೆ, "ಇಷ್ಟು ಬಿರೀನ ಆಣೆ ಮಾಡ್ತೀಯ ಅಂದ್ರೆ ಹಾಕಿರ್ತೀಯ ಬಿಡು" ಅನ್ನುತ್ತಾಳೆ. ಕೌದಿಗೆಂದು ಹಳೆ ಸೀರೆ ತಂದುಕೊಟ್ಟವರಿಗೂ ಇದೇ ಪಾಡು. ಒಂದೊಂದನ್ನೂ ಜಗಲಿಯ ಮೇಲೆ ಹರವಿಸಿ, "ಇಲ್ಲಿ ಹರಿದೈತೆ, ಇಲ್ಲಿ ಸುಟ್ಟೈತೆ, ನೋಡ್ಕಳ್ರಿ, ಆಮೇಲೆ ಬರಗೇರಮ್ಮ ಹರಿದ್ಲು ಅನ್ಬ್ಯಾಡ್ರಿ" ಎಂದು ಅವರ ಬಾಯಲ್ಲೇ ಒಪ್ಪಿಸಿಕೊಂಡ ಮೇಲೆಯೇ ಸೂಜಿ ಹಿಡಿಯುವುದು. ಹೊಲಿಗೆ ಮಾತ್ರ ಯಾರೂ ಬೊಟ್ಟು ಮಾಡದಂಥದ್ದು. ಅವಳ ಕೌದಿ ಹೊದ್ದವರು ಬಾಯಿ ಸಹಿಸಿಕೊಂಡಾದರೂ ಮತ್ತೆ ಅವಳ ಹತ್ತಿರವೇ ಬರುತ್ತಾರೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಬೀದಿಯವರು ಆಡಿಕೊಳ್ಳುತ್ತಾರೆ. ಆದರೆ ಕಾಮಾಲೆ ಯಾರಿಗೂ ಸುಮ್ಮಸುಮ್ಮನೆ ಬರುವುದಿಲ್ಲ, ಅದನ್ನೂ ಅವರೇ ಹೇಳಬೇಕಿತ್ತು.

ಅವಳ ಗಂಡ ಚಿಕ್ಕತಿಮ್ಮಪ್ಪ ಕೆಲಸದ ಮೇಲೆ ಚಿತ್ರದುರ್ಗಕ್ಕೆ ಹೋದವನು ಅಲ್ಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡ. ಸುದ್ದಿ ಬೀದಿಗೆ ಬಂತು, ಅವಳಿಗೆ ಮಾತ್ರ ಬರಲಿಲ್ಲ. ತಿಳಿದ ಮೇಲೆ ಹೆಂಡತಿಯಾದವಳು ತುತ್ತು ಮುಟ್ಟುವುದಿಲ್ಲ, ಮೊದಲು ಉಣ್ಣಿಸಿ ಆಮೇಲೆ ಹೇಳಬೇಕು ಎನ್ನುವುದು ಹಿರಿಯರ ಲೆಕ್ಕಾಚಾರ. ಪಕ್ಕದ ಮನೆಯ ಚಂದ್ರಕ್ಕ ಅವಳನ್ನು ಕರೆದು ಕೂರಿಸಿ ಮುದ್ದೆ ಬಡಿಸಿದಳು. "ಸ್ವಲ್ಪ ಹುಷಾರಿಲ್ವಂತೆ, ಏನೂ ಆಗಿಲ್ಲ, ಉಣ್ಣು" ಅಂದಳು. ಬರಗೇರಮ್ಮ ಉಂಡಳು. ಸಾರು ಚೆನ್ನಾಗಿದೆ ಅಂತ ಇನ್ನೊಂದು ಸಲ ಕೇಳಿ ಹಾಕಿಸಿಕೊಂಡಳು. ಕೈ ತೊಳೆದು ಹೊರಗೆ ಬಂದರೆ ಬೀದಿಯ ಹೆಂಗಸರೆಲ್ಲ ಒಟ್ಟಿಗೆ ಗೋಳೋ ಎಂದರು. ಗಂಡ ಸತ್ತ ದುಃಖ ವರ್ಷ ಕಳೆದಂತೆ ಹಳೆಯದಾಯಿತು. ಅವನು ಹೆಣವಾಗಿ ಮಲಗಿದ್ದ ಹೊತ್ತಿನಲ್ಲಿ ತಾನು ಎರಡನೇ ಸಲ ಸಾರು ಕೇಳಿದ ನಾಚಿಕೆ ಮಾತ್ರ ಹಳೆಯದಾಗಲಿಲ್ಲ. ಅಂದಿನಿಂದ ಯಾರ ಮಾತನ್ನೂ ಅವಳು ನಂಬಲಿಲ್ಲ, ಚಂದ್ರಕ್ಕನ ಮಾತನ್ನಂತೂ ಕೇಳಿಸಿಕೊಳ್ಳಲೂ ಇಲ್ಲ.

ನಂಬಿದ್ದು ಒಂದೇ ಒಂದು ಜೀವವನ್ನು. ಮಳೆಯಲ್ಲಿ ನೆನೆದು ಬಂದು ಕೌದಿ ಬಟ್ಟೆಯ ರಾಶಿಯೊಳಗೆ ಸೇರಿಕೊಂಡಿದ್ದ ಕೆಂದು ಬಣ್ಣದ, ಬಿಳಿ ಮೂತಿಯ ಮರಿನಾಯಿ. ಅದಕ್ಕೆ ದೊರೆ ಎಂದು ಹೆಸರಿಟ್ಟಳು. ಸುಳ್ಳು ಹೇಳಲು ಬಾರದ ಪ್ರಾಣಿ ಅಂತ ಅದರ ಮೇಲೆ ಅವಳಿಗೆ ಗೌರವ. ಬೇರೆ ಯಾರೂ ಅದಕ್ಕೆ ಏನೂ ಹಾಕುವ ಹಾಗಿರಲಿಲ್ಲ. ಯಾರಾದರೂ ರೊಟ್ಟಿ ಚೂರು ಎಸೆದರೆ ಓಡಿಹೋಗಿ ಅದರ ಬಾಯಿಂದ ಕಿತ್ತು, "ಏನು ಬೆರೆಸಿದ್ಯೋ ಏನೋ" ಎಂದು ಎಸೆದವರ ಮುಂದೆಯೇ ಬೂದಿಗುಂಡಿಗೆ ಹಾಕುತ್ತಿದ್ದಳು.

ಹೀಗಿರುವಾಗ ಒಂದು ದಿನ ಚಂದ್ರಕ್ಕ ಗೋಡೆಯ ಆಚೆಯಿಂದ, "ಏನೇ ಬರಗೇರಮ್ಮ, ನಿನ್ನ ದೊರೆ ಎಂಗೆ ಮೈ ಹಿಡ್ದೈತೆ ನೋಡು! ಒಳ್ಳೆ ಕರು ಇದ್ದಂಗೈತೆ" ಅಂದಳು. ಮೆಚ್ಚಿ ಅಂದದ್ದೋ, ಮಾತಿಗೆ ದಾರಿ ಹುಡುಕಿ ಅಂದದ್ದೋ. ಅಂದು ಸಂಜೆ ನಾಯಿ ಮುದ್ದೆಯನ್ನು ಮೂಸಿ ಮುಖ ತಿರುಗಿಸಿತು. ಹೊಟ್ಟೆ ಭಾರವಾಗಿದ್ದರೆ ನಾಯಿಗಳು ಹಾಗೇ ಮಾಡುತ್ತವೆ. ಆದರೆ ಬರಗೇರಮ್ಮನಿಗೆ ಅಷ್ಟು ಸಾಕಾಯಿತು. ಕಣ್ಣು ಬಿತ್ತು ಎಂದು ತೀರ್ಮಾನಿಸಿದಳು. ಯಾರ ಕಣ್ಣು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಅಮಾವಾಸ್ಯೆ ಹತ್ತಿರವಿತ್ತು. ಅಮಾವಾಸ್ಯೆಯ ದಿನ ಮುಸ್ಸಂಜೆಗೆ ಅರಿಶಿನ ಸುಣ್ಣ ಕಲಸಿ ಕೆಂಪು ಮಾಡಿದ ರಾಗಿಮುದ್ದೆಯನ್ನು ದೊರೆಯ ಮೂತಿಯಿಂದ ಬಾಲದವರೆಗೆ ನಿವಾಳಿಸಿದಳು. ಎಲ್ಲರೂ ಮಾಡುವುದು ಅಷ್ಟೇ. ಬರಗೇರಮ್ಮನಿಗೆ ಅಷ್ಟರಲ್ಲಿ ನಂಬಿಕೆ ಬರಲಿಲ್ಲ. ಹಸಿದ ದೃಷ್ಟಿ ಒಣ ಮುದ್ದೆಗೆ ಇಳಿಯುತ್ತದೆಯೇ ಎಂದು ಮೇಲೆ ತುಪ್ಪ ಸವರಿದಳು. ಆಮೇಲೆ ಚಂದ್ರಕ್ಕನ ಎರಡು ಕಣ್ಣಿಗೆಂದು ಎರಡು ಮುರುಕು ಸೂಜಿ ತೆಗೆದು, ಒಂದಕ್ಕೆ ಕರಿ ದಾರ ಸುತ್ತಿ, ಮುದ್ದೆಯ ಒಳಕ್ಕೆ ಒತ್ತಿಬಿಟ್ಟಳು. ಮೂರು ದಾರಿ ಕೂಡುವಲ್ಲಿ ಅದನ್ನಿಟ್ಟು ಮನೆಗೆ ಹೊರಟಳು.

ದೃಷ್ಟಿ ಇಟ್ಟು ಬರುವಾಗ ಹಿಂತಿರುಗಿ ನೋಡಬಾರದು, ಕಾಲು ತೊಳೆದು ಒಳಗೆ ಬಂದ ಮೇಲೆ ಇಟ್ಟದ್ದನ್ನು ನೆನೆಯಲೂ ಬಾರದು. ಎದುರಿಗೆ ಸಿಕ್ಕವರನ್ನೆಲ್ಲ ತಿರುತಿರುಗಿ ನೋಡುವ ಬರಗೇರಮ್ಮ ಅಂದು ಮಾತ್ರ ಕತ್ತು ಅಲ್ಲಾಡಿಸದೆ ನಡೆದು ಬಂದಳು. ಮನೆಯಲ್ಲಿ ಮಲಗಿದೆ ಎಂದುಕೊಂಡಿದ್ದ ದೊರೆ ಅವಳ ಹಿಂದೆಯೇ ಬಂದಿತ್ತು.

ಸ್ವಲ್ಪ ಹೊತ್ತಿಗೆ ಅದು ತುಟಿ ನೆಕ್ಕುತ್ತ ಬಾಗಿಲಿಗೆ ಬಂತು. ಬಿಳಿ ಮೂತಿ ಕೆಂಪಾಗಿತ್ತು. ಅಂದು ಚಂದ್ರಕ್ಕನ ಮನೆಗೆ ನೆಂಟರು ಬಂದಿದ್ದರು, ಸಾರಿನ ಒಗ್ಗರಣೆ ಬೀದಿಗೆಲ್ಲ ಘಮ್ ಅಂದಿತ್ತು. ಬರಗೇರಮ್ಮನ ತಲೆ ನೇರ ಅತ್ತ ಓಡಿತು. "ಆ ಮನೆ ಸಾರು ಕುಡ್ದು ಬಂದ್ಯೇನೋ ದ್ರೋಹಿ" ಎಂದು ನಾಯಿಗೆ ಬೈದು, ಏನು ಹಾಕಿ ಕೊಟ್ಟಳೋ ಎನ್ನುವ ಚಿಂತೆಯಲ್ಲೇ ಮಲಗಿದಳು.

ಬೆಳಿಗ್ಗೆ ದೊರೆಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮುಂಗಾಲಿನಿಂದ ಮೂತಿ ಕೆರೆದುಕೊಳ್ಳುತ್ತ, ಕತ್ತು ಚಾಚಿ ಓಕರಿಸುತ್ತಿತ್ತು. ಏನೂ ಹೊರಗೆ ಬರುತ್ತಿರಲಿಲ್ಲ. ಬರಗೇರಮ್ಮ ಸೆರಗು ಬಿಗಿದು ಬೀದಿಗಿಳಿದಳು.

"ಬಾರೇ ಹೊರಕ್ಕೆ! ಬಾಯಿಲ್ಲದ ಜೀವಕ್ಕೆ ವಿಷ ಹಾಕೀಯಲ್ಲೇ, ನಿನ್ನ ಕೈ ಸೇದೋಗ!"

ಚಂದ್ರಕ್ಕ ಕೈಯಲ್ಲಿದ್ದ ಪೊರಕೆಯೊಂದಿಗೇ ಬಂದಳು. "ಯಾರು ಹಾಕಿದ್ದು? ನೋಡಿದ್ಯಾ ನೀನು?"

"ನೋಡ್ಬೇಕಾ? ಮೂತಿ ಕೆಂಪಗಾಗಿತ್ತು. ಬೀದೀಲಿ ಸಾರು ಮಾಡಿದ್ದು ನಿನ್ನ ಮನೇಲಿ!"

"ಸಾರು ಮಾಡಿದ್ದು ತಪ್ಪಾ? ನಿನ್ನ ನಾಯಿಗೆ ಹಾಕೋಕೆ ನಂಗೇನು ಹುಚ್ಚೇನೆ? ನೀನೇ ಏನಾರ ತಿನ್ಸಿ ನನ್ನ ತಲೆಗೆ ಕಟ್ತಿದೀಯ ಅಂತ ಯಾಕನ್ಬಾರ್ದು?"

ಆ ಮಾತನ್ನು ಚಂದ್ರಕ್ಕ ಬಾಯಿಗೆ ಬಂದಂತೆ ಅಂದದ್ದು. ಅದೇ ನಿಜವೆಂದು ಅವಳಿಗೂ ಗೊತ್ತಿರಲಿಲ್ಲ, ಬರಗೇರಮ್ಮನಿಗೂ ಇನ್ನೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬೀದಿಯ ಕೊನೆಯ ಮನೆಯ ಎರ್ರಿಸ್ವಾಮಿ ಸೋಪಿನ ನೀರು ತುಂಬಿದ ಬಾಟಲಿ ಹಿಡಿದು ಬಂದ. ಗೂಡ್ಸ್ ಆಟೋ ಓಡಿಸುವವನು, ಊರಿನ ಯಾವ ಕಾಯಿಲೆಗೂ ಅವನ ಹತ್ತಿರ ಒಂದು ಮದ್ದು ಇದ್ದೇ ಇರುತ್ತಿತ್ತು. "ಜಗಳ ಆಮೇಲೆ ಆಡ್ರಮ್ಮ. ವಿಷ ಆದ್ರೆ ವಾಂತಿ ಮಾಡಿಸ್ಬೇಕು. ಹಿಡ್ಕ ಇದ್ರ ತಲೆ" ಎಂದು ದೊರೆಯ ಬಾಯಿ ಅಗಲಿಸಿದ. ನಾಲಿಗೆಯ ಬುಡದಲ್ಲಿ ಏನೋ ಕಪ್ಪಗೆ ಕಂಡಿತು. "ದಾರ ಕಣಕ್ಕ! ತಡಿ, ಎಳೀತೀನಿ."

ಬರಗೇರಮ್ಮ ನೋಡಿದಳು. ಅದು ಅವಳ ಕೌದಿ ದಾರ. ಮೇಣ ಸವರಿ ಹೊಸೆದದ್ದು, ಬೀದಿಯಲ್ಲಿ ಇನ್ನಾರೂ ಹಾಗೆ ಹೊಸೆಯುವುದಿಲ್ಲ. ನೆನೆಯಬಾರದೆಂದು ಬಿಟ್ಟುಬಂದದ್ದೆಲ್ಲ ಒಟ್ಟಿಗೆ ನೆನಪಾಯಿತು.

"ಎಳೀಬ್ಯಾಡ!" ಎಂದು ಎರ್ರಿಸ್ವಾಮಿಯ ಕೈ ಹಿಡಿದುಕೊಂಡಳು. "ತುದೀಲಿ ಸೂಜಿ ಐತೆ. ಎಳದ್ರೆ ಗಂಟಲು ಸೀಳ್ತೈತೆ. ಸೋಪಿನ ನೀರೂ ಬ್ಯಾಡ, ವಾಂತಿನೂ ಬ್ಯಾಡ."

"ಸೂಜಿನಾ? ಯಾರು ಹಾಕಿದ್ರು?"

ಬೀದಿಯ ಕಣ್ಣೆಲ್ಲ ಚಂದ್ರಕ್ಕನ ಮೇಲಿತ್ತು. ಅಲ್ಲೇ ಇರಲಿ ಎಂದು ಬರಗೇರಮ್ಮ ಬಿಟ್ಟಳು. ಇದಕ್ಕೆ ಏನು ಹೆಸರಿಡಬೇಕೋ ಓದುವವರು ಇಟ್ಟುಕೊಳ್ಳಲಿ.

ಎರ್ರಿಸ್ವಾಮಿ ದುರ್ಗದ ಪ್ರಾಣಿ ಡಾಕ್ಟರಿಗೆ ಫೋನು ಹಚ್ಚಿದ. ದಾರ ಮುಟ್ಟಬೇಡಿ, ವಾಂತಿ ಮಾಡಿಸಬೇಡಿ, ನೀರನ್ನೂ ಕೊಡಬೇಡಿ, ಈಗಲೇ ಕರೆದುಕೊಂಡು ಬನ್ನಿ ಎಂದು ಆ ಕಡೆಯಿಂದ ಹೇಳಿದರು. ಆಟೋ ಹಿಂದೆ ಕೌದಿ ಹಾಸಿ ನಾಯಿಯನ್ನು ಮಲಗಿಸುತ್ತಿದ್ದಂತೆ ಚಂದ್ರಕ್ಕ ಪೊರಕೆ ಎಸೆದು ತಾನೂ ಹತ್ತಿದಳು.

"ನೀನ್ಯಾಕೆ?" ಅಂದಳು ಬರಗೇರಮ್ಮ.

"ಮಾತು ಬಂದಿರೋದು ನನ್ನ ಮ್ಯಾಲೆ. ದುರ್ಗಕ್ಕೋಗಿ ನೀನು ಯಾರ ಮುಂದೆ ಏನು ಹೇಳ್ತೀಯೋ, ನಾನು ಕೇಳ್ಬೇಕು. ನಡಿಯಪ್ಪ ಎರ್ರಿಸ್ವಾಮಿ, ಹೋಗಾಣ."

ದಾರಿಯುದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರನ್ನು ಕಾಯುವಂತೆ ಕಾದರು. ಹಳ್ಳ ದಿಣ್ಣೆಗೆ ಆಟೋ ಎಗರಿದಾಗಲೆಲ್ಲ ದೊರೆ ನರಳುತ್ತಿತ್ತು. ಚಂದ್ರಕ್ಕ ಅದರ ತಲೆಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅದೂ ನಾಟಕವೇ ಇರಬೇಕು ಎಂದುಕೊಳ್ಳಲು ಬರಗೇರಮ್ಮ ನೋಡಿದಳು, ಆದರೆ ಅವಳ ಬುದ್ಧಿ ಅವಳ ಮಾತು ಕೇಳಲಿಲ್ಲ.

ಡಾಕ್ಟರ್ ಆಶಾರಾಣಿ ಕುತ್ತಿಗೆಯ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಗಂಟಲಿನ ಕೆಳಗೆ ಅಡ್ಡಲಾಗಿ ಒಂದು ಬಿಳಿ ಗೆರೆ. "ಪುಣ್ಯಕ್ಕೆ ಯಾರೂ ಎಳೆದಿಲ್ಲ. ಎಳೆದಿದ್ದರೆ ಇಲ್ಲಿಗೆ ಬರೋ ಹಾಗೇ ಇರಲಿಲ್ಲ. ಇದನ್ನ ಬಾಯಿಂದಲೇ ತೆಗೀಬಹುದು, ಹೊಟ್ಟೆ ಕೊಯ್ಯೋದು ಬೇಕಿಲ್ಲ. ಮಧ್ಯಾಹ್ನಕ್ಕೆ ಮನೆಗೆ ಕರ್ಕೊಂಡು ಹೋಗಿ" ಅಂದರು. ಆಮೇಲೆ ಕೈಗವಸು ಹಾಕಿಕೊಳ್ಳುತ್ತ ಕೇಳಿದರು, "ಒಂದೇ ತಾನೇ ನುಂಗಿರೋದು?"

"ನಮಗೇನು ಗೊತ್ತು ಮೇಡಂ, ಹಾಕಿದೋರ್ನೇ ಕೇಳ್ಬೇಕು" ಅಂದ ಎರ್ರಿಸ್ವಾಮಿ, ಚಂದ್ರಕ್ಕನ ಕಡೆ ನೋಡುತ್ತ.

ಬರಗೇರಮ್ಮ ಹೌದು ಒಂದೇ ಅಂದುಬಿಟ್ಟರೆ ಬೀದಿಯಲ್ಲಿ ತಲೆಯೆತ್ತಿ ನಡೆಯಬಹುದು. ಎರಡನೆಯದು ದೊರೆಯ ಹೊಟ್ಟೆಯೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಮೇಜಿನ ಮೇಲೆ ಅಂಗಾತ ಮಲಗಿಸಿದ್ದ ನಾಯಿ ಅವಳು ನಿಂತಿದ್ದ ಕಡೆಗೆ ಕಿವಿ ತಿರುಗಿಸಿತು.

"ಎರಡು" ಅಂದಳು.

"ನಿಮಗೆ ಹೇಗೆ ಗೊತ್ತು?"

"ನಾನೇ ಹಾಕಿದ್ದು ಕಣವ್ವ. ದೃಷ್ಟಿ ಮುದ್ದೆಗೆ. ಇದ್ರ ಮ್ಯಾಲೆ ಕಣ್ಣು ಬಿದ್ದೈತೆ ಅಂತ. ಒಂದೊಂದು ಕಣ್ಣಿಗೆ ಒಂದೊಂದು."

ಡಾಕ್ಟರ್ ನಾಯಿಯ ಹೊಟ್ಟೆಯ ಎಕ್ಸ್‌ರೇ ತೆಗೆಯಲು ಒಳಗೆ ಹೋದರು. ಚಂದ್ರಕ್ಕ ಗೋಡೆಗೆ ಒರಗಿ ನಿಂತಿದ್ದಳು.

"ಯಾರ ಕಣ್ಣಿಗೇ?"

ಬರಗೇರಮ್ಮ ತಲೆ ತಗ್ಗಿಸಿದಳು. ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ಚಂದ್ರಕ್ಕ ಬೈಯುತ್ತಾಳೆ ಎಂದು ಕಾದಳು. ಬೈದಿದ್ದರೆ ಸುಲಭವಿತ್ತು. ಚಂದ್ರಕ್ಕ ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡು ಹೊರಗೆ ಹೋಗಿ ಆಟೋದಲ್ಲಿ ಕುಳಿತಳು.

ಇನ್ನೊಂದು ಸೂಜಿ ಹೊಟ್ಟೆಯಲ್ಲಿತ್ತು. ಕೊಯ್ದು ತೆಗೆಯಬೇಕಾಯಿತು. ಸುಮ್ಮನೆ ಮನೆಗೆ ಕರೆದೊಯ್ದಿದ್ದರೆ ಕರುಳು ತೂತಾಗಿ ಸಾಯುತ್ತಿತ್ತು ಎಂದು ಡಾಕ್ಟರ್ ಹೇಳಿದರು. ಹೊಲಿಗೆ ಹಾಕಿಸಿಕೊಂಡು ದೊರೆ ಊರಿಗೆ ಬರುವ ಹೊತ್ತಿಗೆ ಸುದ್ದಿ ಅದಕ್ಕಿಂತ ಮೊದಲೇ ಬಂದಿತ್ತು. ಹಾಲಿನವನು ಕೂಡ ನಗು ಅದುಮಿಕೊಂಡು ಹಾಲು ಕೊಟ್ಟುಹೋದ. ಬರಗೇರಮ್ಮ ಬೆರಳು ಅದ್ದಲಿಲ್ಲ.

ಸಮಸ್ಯೆ ಇದ್ದದ್ದು ನಾಯಿಯ ಊಟದ್ದು. ತೆಳ್ಳನೆ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಹೊತ್ತುಹೊತ್ತಿಗೆ ಕುಡಿಸಬೇಕು, ಬೇರೇನೂ ಬಾಯಿಗೆ ಹೋಗಬಾರದು, ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು. ಸಿರಿಗೆರೆಯ ಒಂದು ಮದುವೆ ಮನೆಗೆ ಒಪ್ಪಿಕೊಂಡಿದ್ದ ಕೌದಿಗಳನ್ನು ಬರಗೇರಮ್ಮ ಅಂದು ಮುಟ್ಟಿಸಲೇಬೇಕಿತ್ತು. ಬೀದಿಯಲ್ಲಿ ಹಗಲೆಲ್ಲ ಮನೆ ಬಿಟ್ಟು ಕದಲದವಳು ಚಂದ್ರಕ್ಕ ಒಬ್ಬಳೇ. ಬರಗೇರಮ್ಮ ದೊರೆಯನ್ನು ಅವಳ ಜಗಲಿಯ ಮೇಲೆ ಮಲಗಿಸಿ, ಗಂಜಿಯ ಪಾತ್ರೆ ಹಿಡಿದು ಬಾಗಿಲ ಮುಂದೆ ನಿಂತಳು. ಕ್ಷಮಿಸು ಎನ್ನುವ ಮಾತು ಅವಳಿಗೆ ಅಭ್ಯಾಸವಿರಲಿಲ್ಲ.

"ಒಂದಿಷ್ಟು ಇದ್ಕೆ ಕುಡ್ಸು" ಅಂದಳು.

ಚಂದ್ರಕ್ಕ ಪಾತ್ರೆಯನ್ನೂ ಅವಳನ್ನೂ ನೋಡಿ ಪಾತ್ರೆ ಇಸಿದುಕೊಂಡಳು.

ಬರಗೇರಮ್ಮ ಕೌದಿ ಗಂಟು ಹೊತ್ತು ಬಸ್ಸಿಗೆಂದು ಹೊರಟಳು. ಗೋಡೆಯ ತಿರುವು ದಾಟಿದಳು. ಕಾಲು ಮುಂದೆ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಗಂಟು ಇಳಿಸಿ ಗೋಡೆಯ ಮರೆಯಿಂದ ಇಣುಕಿದಳು.

ದೊರೆ ಜಗಲಿಯ ಮೇಲೆ ಮಲಗಿತ್ತು. ಚಂದ್ರಕ್ಕ ಅದರ ಪಕ್ಕ ಕುಳಿತು, ಗಂಜಿಯನ್ನು ಬೊಗಸೆಯಲ್ಲಿ ಮೊಗೆದುಕೊಂಡಳು. ನಾಯಿಗೆ ಹಿಡಿಯಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ, ಬೀದಿಗೆಲ್ಲ ಕಾಣುವ ಹಾಗೆ ಬೊಗಸೆ ಎತ್ತಿ ತಾನೇ ಕುಡಿದಳು. ಕುಡಿದು ಬಾಯಿ ಒರೆಸಿಕೊಂಡು, ಇನ್ನೊಂದು ಬೊಗಸೆಯನ್ನು ದೊರೆಯ ಮೂತಿಗೆ ಹಿಡಿದಳು. ಅದು ಲೊಚಲೊಚನೆ ನೆಕ್ಕತೊಡಗಿತು.

"ನಾಳೆನೂ ನಾನು ಮೊದ್ಲು ಕುಡೀಬೇಕಾ ಬರಗೇರಮ್ಮ," ಚಂದ್ರಕ್ಕ ಗೋಡೆಯ ಕಡೆಗೆ ಕೂಗಿದಳು, "ಇಲ್ಲಾ ಇವತ್ತಿಗೆ ಸಾಕಾ?"

ಬರಗೇರಮ್ಮನಿಗೆ ಅಳು ಉಕ್ಕಿ ಬಂತು. ಗಂಡ ಸತ್ತ ದಿನವೂ ಬೀದಿಯವರ ಮುಂದೆ ಅವಳು ಹೀಗೆ ಅತ್ತಿರಲಿಲ್ಲ. ಗೋಡೆಯ ಮರೆಯಿಂದ ಈಚೆಗೆ ಬಂದು, ಕೆಲಸಕ್ಕೆ ಹೊರಟವರೆಲ್ಲ ನೋಡುತ್ತಿರುವಂತೆಯೇ ನಿಂತಳು.

"ಸಾಕು ಕಣೆ" ಅಂದಳು. "ಇನ್ನು ಸಾಕು."

ಆಮೇಲೆ ಮೂಗು ಒರೆಸಿಕೊಂಡು, ಗಂಟು ಎತ್ತಿಕೊಂಡು ಸಿರಿಗೆರೆಯ ಬಸ್ಸಿಗೆ ಹೋದಳು.