ಕುಂಬಾರನ ಸಿನಿಮಾ ಮತ್ತು ರತ್ನಮ್ಮನವರ ಹುಂಜ

ಯಾರ ಮನೆಯಿಂದಾದರೂ ಮಸಾಲೆ ಹುರಿಯುವ ವಾಸನೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ಮಾತ್ರ ಒಂದು ಹಳೆಯ ಕಪ್ಪುಬಿಳುಪು ಸಿನಿಮಾ ನೆನಪಾಗುತ್ತದೆ. ಇವತ್ತು ಸಂಜೆಯೂ ಹಾಗೇ ಆಯಿತು.

ಆ ಚಿತ್ರದ ಹೆಸರು ಹೇಳಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅದು ಬಂದದ್ದೂ ಪತ್ತೆಯಿಲ್ಲ, ಹೋದದ್ದೂ ಪತ್ತೆಯಿಲ್ಲ. ಬಾಣಸವಾಡಿಯ ನಮ್ಮ ವಠಾರದ ಒಡತಿ ರತ್ನಮ್ಮನವರಿಗೆ ಮಾತ್ರ ಅದೆಂದರೆ ಪ್ರಾಣ. ಹೊಲವಿದ್ದ ಕಡೆಯೆಲ್ಲ ಬಾಡಿಗೆ ರೂಮುಗಳು ಎದ್ದರೂ ಒಂದು ಹುಂಜವನ್ನು ಬಿಡದೆ ಸಾಕಿಕೊಂಡಿದ್ದವರು ಅವರು. ಒಂದು ಭಾನುವಾರ ಟಿವಿಯನ್ನು ಅಂಗಳಕ್ಕೆ ತಂದಿಟ್ಟು ನಮಗೆಲ್ಲ ಆ ಚಿತ್ರ ತೋರಿಸಿದರು. ಮಗು ಕದ್ದನೆಂದು ಊರೆಲ್ಲ ಸೇರಿ ಒಬ್ಬ ಕುಂಬಾರನನ್ನು ಹೊಡೆದು ಕೊಲ್ಲುತ್ತದೆ. ಆಮೇಲೆ ಮಗು ಅಜ್ಜಿಯ ಮನೆಯಿಂದ ನಗುತ್ತಾ ಬರುತ್ತದೆ. ಎಲ್ಲರೂ ಅತ್ತೆವು. ಎದುರು ರೂಮಿನ ನಾರಾಯಣಪ್ಪನವರಂತೂ ಟವೆಲ್ ಹಿಂಡುವಷ್ಟು ಅತ್ತು, "ಒಬ್ಬನಾದ್ರೂ ಅವನ ಮಾತು ಕೇಳ್ಬಾರ್ದಾಗಿತ್ತಾ?" ಎಂದು ಊರಿನವರನ್ನೆಲ್ಲ ಬೈದರು.

ಮುಂದಿನ ಭಾನುವಾರ ಹುಂಜ ಮಾಯ! ಅದೇ ಮಧ್ಯಾಹ್ನ ಮೂಲೆ ರೂಮಿನಿಂದ ಘಮಘಮ ಮಸಾಲೆ ವಾಸನೆ. ಕಲಬುರಗಿ ಕಡೆಯ ಶರಣವ್ವ ಮತ್ತು ಆಕೆಯ ಗಂಡ ಆ ವಾರವಷ್ಟೇ ಅಲ್ಲಿಗೆ ಬಂದಿದ್ದರು. ಗಂಡ ಟೈಲ್ಸ್ ಕೆಲಸಕ್ಕೆಂದು ಕೆ.ಆರ್. ಪುರಕ್ಕೆ ಹೋಗಿದ್ದ. ನೋಡನೋಡುತ್ತಿದ್ದಂತೆ ವಠಾರವೆಲ್ಲ ಆ ಬಾಗಿಲಲ್ಲಿ ಸೇರಿತು. ಎಲ್ಲರಿಗಿಂತ ಮುಂದೆ ನಾರಾಯಣಪ್ಪನವರು. ಹಿಂದೆ ಕತ್ತು ಉದ್ದ ಮಾಡಿಕೊಂಡು ನಾನು.

"ಪಾತ್ರೆ ಮುಚ್ಚಳ ತೆಗಿಯಮ್ಮ! ಇಲ್ಲಾಂದ್ರೆ ಈಗ್ಲೇ ರೂಮ್ ಖಾಲಿ ಮಾಡು!" ಎಂದರು ನಾರಾಯಣಪ್ಪನವರು.

ಊರಿಗೆ ಹೊಸಬಳು, ಎಲ್ಲಿಗೆ ಹೋಗಬೇಕು? ಆದರೂ ಶರಣವ್ವನ ದನಿ ಗಟ್ಟಿಯಾಗಿತ್ತು. "ನೋಡಬೇಕಂದ್ರ ಒಳಗ ಬರ್ರಿ, ಕುಂತು ಉಣ್ರಿ. ನಿಂತು ಇಣಕೂದು ಆಗಂಗಿಲ್ಲ."

ರತ್ನಮ್ಮನವರು ನಮ್ಮನ್ನೆಲ್ಲ ಸರಿಸಿಕೊಂಡು ಒಳಗೆ ಹೋಗಿ ಕುಳಿತೇಬಿಟ್ಟರು. "ಹುಂಜ ನಂದು ತಾನೇ? ಬಡ್ಸಮ್ಮ."

ಮುಚ್ಚಳ ತೆಗೆದರೆ ಎಣ್ಣೆಗಾಯಿ! ಶೇಂಗಾ ಮಸಾಲೆ ತುಂಬಿದ ಬದನೆಕಾಯಿಗಳು. ಮಾಂಸವನ್ನೇ ಮುಟ್ಟದ ಮನೆತನವಂತೆ, ಕೇಳಿದವರು ಯಾರು?

"ನಾರಾಯಣಪ್ಪ, ಬಾರಪ್ಪ. ಅವತ್ತು ಅತ್ತಿದ್ದು ಸಾಕು, ಇವತ್ತು ತಿನ್ನು" ಎಂದರು ರತ್ನಮ್ಮನವರು. ನಾರಾಯಣಪ್ಪನವರು ತಲೆ ತಗ್ಗಿಸಿಕೊಂಡೇ ಕುಳಿತು ನಾಲ್ಕು ಜೋಳದ ರೊಟ್ಟಿ ಮುಗಿಸಿದರು. ಸಂಜೆ ಪಕ್ಕದ ಕಾಂಪೌಂಡಿನಿಂದ ಹುಂಜ ಗತ್ತಿನಲ್ಲಿ ನಡೆದು ಬಂದಾಗ ಅದನ್ನು ವಿಚಾರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಇವತ್ತಿನ ವಾಸನೆಯೂ ಶರಣವ್ವನ ಮನೆಯದೇ. ಕರೆಯುವ ಮೊದಲೇ ಹೋಗಿ ಕೂರುವಷ್ಟು ಸಲಿಗೆ ಈಗ ನನಗಿದೆ. ಆಕೆ ಆ ಚಿತ್ರವನ್ನು ನೋಡಿಯೇ ಇಲ್ಲ ಎಂದು ತಿಳಿದು ಫೋನಿನಲ್ಲಿ ಹಾಕಿದೆ. ಜನ ಕೋಲು ಹಿಡಿದು ಕುಂಬಾರನ ಗುಡಿಸಲನ್ನು ಸುತ್ತುವರಿದರು. ನಾನು ಎಂದಿನಂತೆ ಅಳಲು ಸಿದ್ಧನಾದೆ. ಶರಣವ್ವ ಮಾತ್ರ ಆಸೆಯಿಂದ ಮುಂದಕ್ಕೆ ಬಾಗಿದಳು.

"ಈಗ ಅಂವ ಎಲ್ಲಾರ್ನೂ ಉಣ್ಣಾಕ ಕರೀತಾನೇನ್ರಿ?"

"ಹೂಂ, ಕರೀತಾನೆ" ಎಂದು ನಾನು ಫೋನ್ ಆಫ್ ಮಾಡಿದೆ.