ಬಿಸಿಲಿಗೆ ಇಟ್ಟ ನಾನಿಯ ಕೈ

ಸಿಂಧನೂರಿನ ಬಸ್‌ ಸ್ಟ್ಯಾಂಡ್‌ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಹೊಟ್ಟೆಪಾಡಿಗೆ ಮದುವೆ, ತೊಟ್ಟಿಲು, ಪಾಸ್‌ಪೋರ್ಟ್‌ ಸೈಜಿನ ಮುಖಗಳು. ಆ ಕೆಲಸ ಮುಗಿದ ಮೇಲೆ ನನ್ನ ಹುಚ್ಚು ಶುರುವಾಗುತ್ತದೆ. ಬಿಸ್ಕತ್ತಿನ ಡಬ್ಬಿಗೆ ಸೂಜಿಯಿಂದ ತೂತು ಮಾಡಿ, ಅದನ್ನೇ ಕ್ಯಾಮೆರಾ ಎಂದು ನಂಬಿ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಇಟ್ಟು ಬಂದಿದ್ದೆ. ಮಂಗಗಳು ಎತ್ತಿಕೊಂಡು ಹೋದವು. ಹಳೇ ಲೆನ್ಸನ್ನು ತಿರುವುಮುರುವಾಗಿ ಕೂಡಿಸಿ ಗೊರೇಬಾಳದ ಗದ್ದೆಯ ಬದುವಿನಲ್ಲಿ ಮೊಣಕಾಲೂರಿ ಭತ್ತದ ಹೂವನ್ನು ನೋಡಿದ್ದೇನೆ. ಮೂರು ಹೊತ್ತು ಅನ್ನ ಉಣ್ಣುವವರೂ ಆ ಹೂವನ್ನು ಕಂಡಿರುವುದಿಲ್ಲ. ಆ ಲೆನ್ಸಿನೊಳಗೆ ಅದು ಗಾಳಿಗೆ ತೂಗಾಡುತ್ತಿದ್ದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಲಿಂಗಸುಗೂರಿನಲ್ಲಿ ಹಳೆಯದೊಂದು ಸ್ಟುಡಿಯೊ ಮುಚ್ಚಿದಾಗ ಉಳಿದವರೆಲ್ಲ ಲೈಟು, ಸ್ಟ್ಯಾಂಡು ಎಂದು ಮುಗಿಬಿದ್ದರು. ನಾನು ಗಾಜು ಕೂಡಿಸಿದ ಸಾಗವಾನಿಯ ಒಂದು ಚೌಕಟ್ಟನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದೆ. ನೆಗೆಟಿವನ್ನು ಕಾಗದಕ್ಕೆ ಒತ್ತಿ ಹಿಡಿಯಲು ಹಿಂದಿನವರು ಬಳಸುತ್ತಿದ್ದ ಚೌಕಟ್ಟು ಅದು. "ಇದನ್ನೇನು ತೊಳದು ನೀರು ಕುಡಿತೀರೇನ್ರೀ?" ಎಂದಳು ಹೆಂಡತಿ. ನಾನು ಅದರ ಗಾಜು ಒರೆಸತೊಡಗಿದೆ.

ಆ ಚೌಕಟ್ಟಿನಿಂದಲೇ ನೀಲಿ ಅಚ್ಚಿನ ಗೀಳು ಹತ್ತಿತು. ಎರಡು ಪುಡಿಗಳನ್ನು ನೀರಿನಲ್ಲಿ ಕದಡಿ, ಕತ್ತಲಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಅದರ ಮೇಲೆ ಎಲೆಯನ್ನೋ ಗರಿಯನ್ನೋ ಇಟ್ಟು ಬಿಸಿಲಿಗೆ ಹಿಡಿದು ತೊಳೆದರೆ, ಬಿಸಿಲು ಬಿದ್ದಲ್ಲೆಲ್ಲ ಕಡುನೀಲಿ, ನೆರಳು ಬಿದ್ದಲ್ಲಿ ಬಿಳಿ. ಕ್ಯಾಮೆರಾ ಬೇಡ, ಕರೆಂಟೂ ಬೇಡ. ನಮ್ಮ ಕಡೆ ಬಿಸಿಲಿಗೇನು ಬರ! ಬೇವಿನ ಎಲೆ, ಭತ್ತದ ತೆನೆ, ಹೆಂಡತಿಯ ಹರಿದ ದುಪಟ್ಟಾದ ಕಸೂತಿ, ಎಲ್ಲವೂ ನೀಲಿಯಲ್ಲಿ ಮುಳುಗಿ ಎದ್ದವು.

ಆದರೆ ನನಗೆ ನಿಜವಾಗಿ ಬೇಕಾಗಿದ್ದವಳು ನಾನಿ, ನನ್ನ ತಾಯಿಯ ತಾಯಿ. ವಳಕಮದಿನ್ನಿಯಲ್ಲಿ ಸೋದರಮಾವನ ಮನೆಯಲ್ಲಿರುತ್ತಾಳೆ. ನಮ್ಮ ಮನೆಮಾತು ದಖನಿ ಉರ್ದು, ಆದರೆ ಬೈಯುವುದಕ್ಕೆ ನಾನಿಗೆ ಕನ್ನಡವೇ ಆಗಬೇಕು. ಮುಖವಿರುವ ಚಿತ್ರ, ತಸ್ವೀರು, ಇದ್ದ ಮನೆಗೆ ದೇವದೂತರು ಬರುವುದಿಲ್ಲ ಎಂದು ನಂಬಿದವಳು ಆಕೆ. ಅವಳ ಗೋಡೆಗಳ ಮೇಲೆ ಒಂದು ಕ್ಯಾಲೆಂಡರೂ ಇಲ್ಲ. ನಾನು ತೆಗೆದ ಮದುವೆ ಫೋಟೊಗಳಲ್ಲೆಲ್ಲ ಆಕೆಯದು ಬರೀ ಸೆರಗು.

"ಆಧಾರ್‌ ಕಾರ್ಡಿನಾಗ ಐತಲ್ಲ ನಿನ್ನ ಫೋಟೊ?" ಎಂದು ಒಮ್ಮೆ ಕೆಣಕಿದ್ದೆ.

"ಅದು ಸರ್ಕಾರ ಕೇಳಿತ್ತು, ಕೊಟ್ಟೀನಿ. ನೀ ಯಾವ ಸರ್ಕಾರ?"

ಊರವರ ಮುಖಗಳೆಲ್ಲ ನನ್ನ ಕಂಪ್ಯೂಟರಿನಲ್ಲಿವೆ. ನನ್ನನ್ನು ಎತ್ತಿ ಆಡಿಸಿದವಳದು ಇಲ್ಲ. ಪ್ರತಿ ಸಲ ಹೋದಾಗಲೂ ಆಕೆ ಇನ್ನಷ್ಟು ಹಗುರಾಗಿರುತ್ತಿದ್ದಳು. ನಾಳೆ ಆಕೆ ಇಲ್ಲವಾದರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಗುತ್ತಿತ್ತು.

ಈ ಬೇಸಿಗೆಯ ಆರಂಭದಲ್ಲಿ, ಬಳಿದು ಒಣಗಿಸಿದ ಎರಡು ಕಾಗದಗಳನ್ನು ಕಪ್ಪು ಕವರಿನಲ್ಲಿ ಸುತ್ತಿಕೊಂಡು ಬೈಕ್‌ ಹತ್ತಿದೆ. ಎರಡನೇ ಬೆಳೆಯ ಗದ್ದೆಗಳಲ್ಲಿ ನೀರು ನಿಂತಿತ್ತು. ಆಕಾಶ ಕೆಳಗೂ ಇತ್ತು, ಮೇಲೂ ಇತ್ತು. ನಡುವೆ ರಸ್ತೆ ಮಾತ್ರ ಒಣಗಿತ್ತು. ಅದರ ಮೇಲೆ ಹೋಗುತ್ತಿದ್ದ ನನಗೆ ನಿದ್ದೆಯಲ್ಲಿ ಗಾಡಿ ಹೊಡೆದಂತೆ ಅನ್ನಿಸಿತು.

ಬರೀ ಅಂಗೈಯ ಅಚ್ಚು ಸಾಕು ಎಂದು ನಾನಿಯನ್ನು ಕೇಳಿಕೊಂಡೆ. ಆಕೆ ತನ್ನ ಅಂಗೈಯನ್ನು ಹಿಂದೆಮುಂದೆ ತಿರುಗಿಸಿ ನೋಡಿಕೊಂಡಳು.

"ಕೈಗೆ ಕಣ್ಣಿಲ್ಲ, ಮೂಗಿಲ್ಲ. ಇಡ್ತೀನಿ ತಗೊ. ನಿನ್ನ ಕ್ಯಾಮೆರಾ ಮಾತ್ರ ಚೀಲದಾಗ ಇರ್ಲಿ."

ಅಂಗಳದ ಹೊರಸು ಮಂಚದ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ, ಕಾಗದದ ಮೇಲೆ ನಾನಿಯ ಕೈ. ಮಣಿಕಟ್ಟಿಗೆ ಸುತ್ತಿದ್ದ ಜಪಮಾಲೆಯ ತುದಿ ಬೆರಳುಗಳ ಪಕ್ಕಕ್ಕೆ ಇಳಿದಿತ್ತು. ಹಸಿರು ಬೆರೆತ ಹಳದಿ ಬಣ್ಣದ ಕಾಗದ ನೋಡುನೋಡುತ್ತಿದ್ದಂತೆ ಬೂದಿ ಬಣ್ಣಕ್ಕೆ ತಿರುಗಿತು. ನಾನಿ ತುಟಿ ಅಲುಗಿಸುತ್ತ ಕಣ್ಣು ಮುಚ್ಚಿದಳು. ಎಲ್ಲೋ ಪಂಪಿನ ಸದ್ದು. ಆ ಬಿಸಿಲಿನಲ್ಲಿ ನಾವಿಬ್ಬರೂ ಊರಿನಿಂದ ಬಹಳ ದೂರ ಇದ್ದಂತಿತ್ತು.

ಬಚ್ಚಲಿನ ಬೋಗುಣಿಗೆ ಬೋರಿನ ನೀರು ಬಿಟ್ಟು ಕಾಗದವನ್ನು ಮುಳುಗಿಸಿದೆ. ನೀಲಿ ಅರಳಿತು. ನಡುವೆ ಬೆಳ್ಳಗೆ ನಾನಿಯ ಕೈ, ಪಕ್ಕದಲ್ಲಿ ಮಣಿಗಳ ಸಾಲು. ನಡುಕದಿಂದ ಅಂಚುಗಳಷ್ಟೇ ಮಸುಕು. ಇನ್ನಷ್ಟು ತೊಳೆಯಲೆಂದು ನೀರಲ್ಲೇ ಬಿಟ್ಟೆ. ನೀಲಿ ತೆಳ್ಳಗಾಯಿತು, ಕೊನೆಗೆ ಚಹಾ ಚೆಲ್ಲಿದ ಬಣ್ಣಕ್ಕೆ ಬಂತು. ಕೈ ಎಲ್ಲಿತ್ತೆಂಬುದೂ ತಿಳಿಯದಾಯಿತು. ಸ್ಟುಡಿಯೊದ ನಲ್ಲಿಯಲ್ಲಿ ಬರುವುದು ಕಾಲುವೆ ನೀರು, ಅಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಇಲ್ಲಿನ ಬೋರಿನದು ಸವಳು, ಕ್ಷಾರದ ನೀರು. ಕಾಲುವೆ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ಮರೆತೇ ಹೋಗಿತ್ತು.

ನಾನಿ ಬೋಗುಣಿಯೊಳಗೆ ಇಣುಕಿದಳು. "ಈ ನೀರಿನಾಗ ಬ್ಯಾಳಿನೇ ಬೇಯಂಗಿಲ್ಲ, ನಿನ್ನ ಬಣ್ಣ ಎಲ್ಲಿ ನಿಲ್ಲತೈತಿ? ಅಳಬ್ಯಾಡಲೇ. ಇನ್ನೊಂದು ಕಾಗದ ಐತಲ್ಲ?"

ಅಡುಗೆಗೆಂದು ತುಂಬಿಟ್ಟಿದ್ದ ಕಾಲುವೆ ನೀರಿನ ಕೊಡವನ್ನು ಮಾಮಿ ಕೊಟ್ಟಳು. ಹುಳಿ ಇದ್ದರೆ ನೀಲಿ ನಿಲ್ಲುತ್ತದೆಂದು ಓದಿದ್ದೆ. ಅದಕ್ಕೆ ನಿಂಬೆಹಣ್ಣು ಹಿಂಡಿದೆ. ಬಿಸಿಲು ಗೋಡೆಯತ್ತ ಜರುಗುತ್ತಿತ್ತು. ಇದು ಕೆಟ್ಟರೆ ನಾನಿ ಮತ್ತೊಮ್ಮೆ ಒಪ್ಪುವ ಭರವಸೆ ನನಗಿರಲಿಲ್ಲ.

ಕಾಗದದ ಮೇಲೆ ಕೈ ಇಟ್ಟವಳೇ, "ಕೈ ನಡಗಾಕತ್ಯಾವ. ನಿನ್ನ ಕೈನೂ ಬಾಜೂಕ ಇಡು, ಆಸರಾಗತೈತಿ," ಎಂದಳು.

ಇಟ್ಟೆ. ಆಕೆಯ ಕಿರುಬೆರಳು ನನ್ನ ಹೆಬ್ಬೆರಳಿನ ಮೇಲೆ ಕೂತಿತು, ನಡುಕ ನಿಂತಿತು. ಕೈ ಸುಡುತ್ತಿದ್ದರೂ ತೆಗೆಯುವ ಮನಸ್ಸಾಗಲಿಲ್ಲ. ನಿಂಬೆಯ ನೀರಿನಲ್ಲಿ ನೀಲಿ ಗಟ್ಟಿಯಾಗಿ ನಿಂತಿತು. ಎರಡು ಬಿಳಿ ಕೈಗಳು, ಕೂಡಿದ ಜಾಗದಲ್ಲಿ ಯಾವುದು ಯಾರದೆಂದು ಹೇಳಲಾಗದಂತೆ.

ಒಣಗಿದ ಮೇಲೆ ಕಾಗದವನ್ನು ಚೀಲಕ್ಕೆ ಸೇರಿಸಲು ಹೋದೆ. ನಾನಿ ಕೈ ಚಾಚಿದಳು.

"ಅದು ಇಲ್ಲೇ ಇರ್ಲಿ."

"ನಾನಿ, ನಾ ಕೇಳಿದ್ದು ನನಗಂತ."

"ನೀ ಬರೋದು ಹಬ್ಬಕ್ಕೊಮ್ಮೆ. ಉಳದ ದಿನ ನಾ ನಿನ್ನ ಕೈ ನೋಡಬ್ಯಾಡೇನು?"

ತನ್ನ ನೇಮಕ್ಕೆ ಕಟ್ಟುಬಿದ್ದು ಆಕೆಯೂ ಇಷ್ಟು ವರ್ಷ ನನ್ನದೊಂದು ಗುರುತಿಲ್ಲದೆ ಇದ್ದಳು ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನಿ ಮಲಗಿದರೆ ಕಾಣುವಂತೆ, ಬಿಸಿಲು ತಾಗದ ಗೋಡೆ ನೋಡಿ ಮೊಳೆ ಹೊಡೆದೆ.